ಪಟ್ಟಿಯಲ್ಲಿಲ್ಲದ ಈಜುಗಾರರು

ನಾನು ಈಜು ಕಲಿತದ್ದು ಊರ ತೋಟದ ಬಾವಿಯಲ್ಲಿ. ಸೋದರಮಾವ ನನ್ನ ನಡುವಿಗೆ ಬೆಂಡು ಕಟ್ಟಿ, ಮೆಟ್ಟಿಲ ಮೇಲಿನಿಂದ ನೀರಿಗೆ ತಳ್ಳಿ, ತಾವು ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ಕೈ ಹೇಗೆ ಆಡಿಸಬೇಕು, ಮಾವ?" ಎಂದರೆ, "ಬಡಿಯೋ, ತಾನಾಗಿ ಬರುತ್ತೆ" ಎನ್ನುವುದೊಂದೇ ಅವರ ಪಾಠ. ತಾನಾಗಿ ಬಂದಿತು, ನಿಜ. ಆದರೆ ಏಕೆ ಬಂದಿತು ಎಂಬುದು, ಮುಂದೆ ಭೌತಶಾಸ್ತ್ರದ ಅಧ್ಯಾಪಕನಾಗಿ ಆರ್ಕಿಮಿಡೀಸನನ್ನೂ ನ್ಯೂಟನ್ನನನ್ನೂ ವರ್ಷವರ್ಷವೂ ಹುಡುಗರಿಗೆ ಬೋಧಿಸಿದ ಮೇಲೂ ನನಗೆ ಸರಿಯಾಗಿ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಒಂದು ದಿನ ಕಾಲೇಜಿನ ಪುಸ್ತಕಭಂಡಾರದಲ್ಲಿ, ಯಾರೂ ಮುಟ್ಟದ ವ್ಯಾಯಾಮಶಾಸ್ತ್ರದ ಕಪಾಟಿನಲ್ಲಿ, 'ದಿ ಸೈನ್ಸ್ ಆಫ್ ಸ್ವಿಮ್ಮಿಂಗ್' ಎಂಬ ಗ್ರಂಥ ಕೈಗೆ ಸಿಕ್ಕಿತು. 1968ರಲ್ಲಿ ಪ್ರಕಟವಾದದ್ದು, ಬರೆದವರು ಜೇಮ್ಸ್ ಕೌನ್ಸಿಲ್‌ಮನ್, ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯದ ಈಜು ಶಿಕ್ಷಕರು. ಮಾವನವರು ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನು ಈ ಮನುಷ್ಯ ಜೀವಮಾನವಿಡೀ ಕೇಳಿಕೊಂಡಿದ್ದಾರೆಂದು ಕಂಡು, ಅವರ ಶಾಲೆಯ ಚರಿತ್ರೆಯನ್ನು ಹುಡುಕಿ ಹುಡುಕಿ ಓದಿದೆನು. ಓದುತ್ತ ಹೋದಂತೆ ಮನಸ್ಸು ನಿಂತದ್ದು ಅಲ್ಲಿನ ಪದಕಗಳ ಮೇಲಲ್ಲ, ಪದಕಪಟ್ಟಿಯಲ್ಲಿ ಹೆಸರಿಲ್ಲದ ಕೆಲವರ ಮೇಲೆ.

ಇಂಡಿಯಾನ ವಿಶ್ವವಿದ್ಯಾನಿಲಯವಿರುವುದು ಬ್ಲೂಮಿಂಗ್‌ಟನ್ ಎಂಬ ಊರಿನಲ್ಲಿ. ಸಮುದ್ರ ಅಲ್ಲಿಗೆ ನೂರಾರು ಮೈಲಿ ದೂರ. ಊರಿನ ಪ್ರಸಿದ್ಧಿಯೆಲ್ಲ ಸುಣ್ಣಕಲ್ಲಿನದು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಸೌಧಕ್ಕೆ ಕಲ್ಲು ಹೋದದ್ದು ಆ ಸೀಮೆಯಿಂದಲೇ. ಕಲ್ಲು ತೆಗೆದ ಹೊಂಡಗಳಲ್ಲಿ ಮಳೆಯ ನೀರು ನಿಂತು, ಅವುಗಳಲ್ಲಿ ಹುಡುಗರು ಈಜುತ್ತಾರಂತೆ. ನಮ್ಮ ಕಲ್ಲುಕ್ವಾರಿಗಳ ಕಥೆಯೇ. ಇಂತಹ ಊರಿಗೆ 1957ರಲ್ಲಿ ಕೌನ್ಸಿಲ್‌ಮನ್ ಬಂದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ನಡೆಸಿ ಪದಕ ಪಡೆದವರು, ಒಹಾಯೊ ಸ್ಟೇಟ್ ತಂಡದಲ್ಲಿ ಸ್ವತಃ ಈಜಿದವರು, ಅನಂತರ ಅಯೋವದಲ್ಲಿ ಡಾಕ್ಟರೇಟ್ ಸಂಪಾದಿಸಿದವರು. ಶಿಷ್ಯರು ಅವರನ್ನು ಕರೆಯುತ್ತಿದ್ದುದು 'ಡಾಕ್' ಎಂದೇ.

ಡಾಕ್ ಮಾಡಿದ ಮೊದಲ ಕೆಲಸ ಬಹಳ ಸರಳವಾದದ್ದು: ನೀರಿನ ಮೇಲೆ ನೋಡುವುದನ್ನು ಬಿಟ್ಟು ಕೆಳಗೆ ನೋಡಿದರು. ಕ್ಯಾಮೆರಾವನ್ನು ನೀರೊಳಗಿಟ್ಟು ಉತ್ತಮ ಈಜುಗಾರರ ಚಲನಚಿತ್ರ ತೆಗೆದರು. ತೋಳನ್ನು ನೀಳವಾಗಿಟ್ಟು ನೇರವಾಗಿ ಹಿಂದಕ್ಕೆ ಎಳೆಯಬೇಕೆಂಬುದು ಅಂದಿನ ಪಾಠ. ಚಿತ್ರದಲ್ಲಿ ಕಂಡದ್ದೇ ಬೇರೆ. ಮೊಣಕೈ ಬಾಗುತ್ತದೆ, ಅಂಗೈ ನೀರಿನಲ್ಲಿ ಹಾವಿನಂತೆ ವಕ್ರವಾಗಿ ಸಾಗುತ್ತದೆ. ಇದರಲ್ಲಿ ಸೋಜಿಗವೇನೆಂದರೆ, ಹಾಗೆ ಈಜುವವರಿಗೇ ತಾವು ಹಾಗೆ ಈಜುತ್ತಿದ್ದೇವೆಂದು ತಿಳಿಯದು. ನಮ್ಮ ಮಾವನವರನ್ನು ನಾನು ಸುಮ್ಮನೆ ಆಕ್ಷೇಪಿಸಿದೆನೆಂದು ಆಗ ಅನ್ನಿಸಿತು.

ಮುಂದೆ ಡಾಕ್, ವಿಮಾನದ ರೆಕ್ಕೆಯನ್ನು ಎತ್ತುವ ಬರ್ನೂಲಿಯ ತತ್ತ್ವವೇ ಅಂಗೈಗೂ ಅನ್ವಯಿಸುತ್ತದೆಂದು ವಾದಿಸಿದರು. ಅನಂತರದ ಸಂಶೋಧಕರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ನೀರನ್ನು ಹಿಂದಕ್ಕೆ ನೂಕುವುದರ ಪಾತ್ರವೇ ದೊಡ್ಡದೆಂದು ತೋರಿಸಿದರು. ವಿಮಾನ ನಡೆಸಿದವರಿಗೆ ಎಲ್ಲೆಲ್ಲಿಯೂ ರೆಕ್ಕೆಯೇ ಕಂಡಿರಬಹುದು!

ಅವರ ಬಳಿಗೆ ಬಂದ ಹುಡುಗರಲ್ಲಿ ಚೆಟ್ ಜಸ್ಟ್ರೆಮ್‌ಸ್ಕಿ ಒಬ್ಬ. ಗಿಡ್ಡ ಆಳು, ಬಲವಾದ ಭುಜಗಳು. ಈಜುವುದು ಬ್ರೆಸ್ಟ್‌ಸ್ಟ್ರೋಕ್, ಅಂದರೆ ಕಪ್ಪೆಯಂತೆ ಕಾಲು ಮಡಿಸಿ ಒದೆಯುವ ಈಜು. ಕಾಲುಗಳನ್ನು ಅಗಲವಾಗಿ ಚಾಚಿ, ನಡುವಣ ನೀರನ್ನು ಹಿಂಡಿದರೆ ಮೈ ಮುಂದೆ ಸಾಗುತ್ತದೆಂದು ಎಲ್ಲರೂ ನಂಬಿದ್ದ ಕಾಲ ಅದು. ಹಿಂಡುವುದರಿಂದಲ್ಲ, ಪಾದದಿಂದ ನೀರನ್ನು ಹಿಂದಕ್ಕೆ ಒತ್ತುವುದರಿಂದ ಮುನ್ನಡೆ ಎಂದು ಡಾಕ್ ಕಂಡುಕೊಂಡರು. ಮೊಣಕಾಲುಗಳನ್ನು ಹತ್ತಿರವಿಟ್ಟು ಚಾವಟಿಯಂತೆ ಒದೆಯುವ ಹೊಸ ಕ್ರಮವನ್ನು ಗುರುಶಿಷ್ಯರು ಕೂಡಿ ರೂಪಿಸಿದರು. 1961ರ ಒಂದೇ ಬೇಸಿಗೆಯಲ್ಲಿ ಜಸ್ಟ್ರೆಮ್‌ಸ್ಕಿ 100 ಮೀಟರಿನ ವಿಶ್ವದಾಖಲೆಯನ್ನು ಮತ್ತೆ ಮತ್ತೆ ಮುರಿದು, ಕೊನೆಗೆ 1 ನಿಮಿಷ 7.5 ಸೆಕೆಂಡಿಗೆ ತಂದು ನಿಲ್ಲಿಸಿದ.

ಅದೇ ಹೊತ್ತಿನಲ್ಲಿ ಆ ಹುಡುಗರ ತಲೆಯ ಮೇಲೆ ಒಂದು ಶಿಕ್ಷೆ ತೂಗುತ್ತಿತ್ತು. 1960ರಲ್ಲಿ ಇಂಡಿಯಾನದ ಫುಟ್‌ಬಾಲ್ ವಿಭಾಗ ಆಟಗಾರರನ್ನು ಸೆಳೆಯುವಾಗ ನಿಯಮ ಮೀರಿತೆಂದು ಎನ್.ಸಿ.ಎ.ಎ. ಎಂಬ ಕಾಲೇಜು ಕ್ರೀಡಾಸಂಘ ತೀರ್ಪು ಕೊಟ್ಟಿತು. ದಂಡನೆ ಫುಟ್‌ಬಾಲಿಗೆ ಮಾತ್ರವಲ್ಲ, ವಿಶ್ವವಿದ್ಯಾನಿಲಯದ ಎಲ್ಲ ಕ್ರೀಡೆಗಳಿಗೂ. ಈಜುಗಾರರು ರಾಷ್ಟ್ರೀಯ ಕಾಲೇಜು ಸ್ಪರ್ಧೆಯ ಬಾಗಿಲನ್ನು ಹೊರಗಿನಿಂದ ನೋಡುವಂತಾಯಿತು. ಯಾರೋ ಉಂಡ ಎಲೆಯನ್ನು ಇನ್ನಾರೋ ಎತ್ತಿದಂತೆ!

ಆಗ ಮಧ್ಯಪಶ್ಚಿಮದ ಹತ್ತು ವಿಶ್ವವಿದ್ಯಾನಿಲಯಗಳಷ್ಟೇ ಇದ್ದ ಕೂಟಕ್ಕೆ 'ಬಿಗ್ ಟೆನ್' ಎಂದು ಹೆಸರು. ಆ ಕೂಟದ ಈಜು ಸ್ಪರ್ಧೆಯಲ್ಲಿ ಇಂಡಿಯಾನ 1961ರಿಂದ 1980ರವರೆಗೆ ಎಡೆಬಿಡದೆ ಇಪ್ಪತ್ತು ಬಾರಿ ಗೆದ್ದಿತು. 1961ರಲ್ಲಿ ಇಂಡಿಯಾನಕ್ಕೆ ಸೋತ ಕೂಟದ ತಂಡಗಳಲ್ಲಿ ಮಿಶಿಗನ್ ಒಂದು. 1962ರಲ್ಲಿ ಸೋತವುಗಳಲ್ಲಿ ಒಹಾಯೊ ಸ್ಟೇಟ್ ಒಂದು. ಆ ವರ್ಷಗಳ ರಾಷ್ಟ್ರೀಯ ಚಾಂಪಿಯನ್ನರು ಯಾರೆಂದು ಪಟ್ಟಿ ತೆಗೆದು ನೋಡಿದೆ. 1961: ಮಿಶಿಗನ್. 1962: ಒಹಾಯೊ ಸ್ಟೇಟ್. ಅಂಕೆಗಳನ್ನೇ ನಂಬಿ ಬದುಕಿದ ಅಧ್ಯಾಪಕ ನಾನು. ಈ ಎರಡು ಸಾಲುಗಳನ್ನು ಓದಿದ ಮೇಲೆ ಯಾವ ಪಟ್ಟಿಯನ್ನೂ ಮೊದಲಿನ ಭರವಸೆಯಿಂದ ಓದಲು ನನಗೆ ಆಗಿಲ್ಲ.

ಅವರು ಈಜುವುದನ್ನು ಬಿಡಲಿಲ್ಲ. ಕಾಲೇಜುಗಳ ಹೊರಗಿನ ಮುಕ್ತ ಸ್ಪರ್ಧೆಗಳಿಗೆ ನಿಷೇಧವಿರಲಿಲ್ಲ. ಅಲ್ಲಿಯೇ ದಾಖಲೆಗಳನ್ನು ಬರೆದರು. ಅಭ್ಯಾಸವೋ ಕಠಿನವಾದದ್ದು. ಗೋಡೆಯ ಮೇಲೆ ದೊಡ್ಡ ಗಡಿಯಾರ, ಅದರ ಮುಳ್ಳು ನೋಡಿಕೊಂಡು ಈಜು, ಅಷ್ಟಿಷ್ಟು ವಿಶ್ರಾಂತಿ, ಮತ್ತೆ ಈಜು. ಮೆಚ್ಚುಗೆಯಾದರೆ ಡಾಕ್ ಕೊಡುತ್ತಿದ್ದ ಬಹುಮಾನ ಜೆಲ್ಲಿ ಮಿಠಾಯಿ. ವಿಶ್ವದಾಖಲೆಯವರೂ ಅದಕ್ಕೆ ಕೈಯೊಡ್ಡುತ್ತಿದ್ದರೆಂದರೆ ಗುರುವಿನ ಮೇಲಿನ ಪ್ರೀತಿ ಎಂಥದಿರಬೇಕು!

ಕೊಳದ ಇನ್ನೊಂದು ತುದಿಯಲ್ಲಿ ಧುಮುಕುವವರ ಲೋಕ. 1959ರಲ್ಲಿ ಬಂದ ಹೋಬಿ ಬಿಲ್ಲಿಂಗ್ಸ್‌ಲಿ ಅಲ್ಲಿನ ಗುರು. ಹಿಂದೆ ನೀರಾಟದ ಪ್ರದರ್ಶನಗಳಲ್ಲಿ ವಿದೂಷಕನಾಗಿ ಧುಮುಕಿ ನಗಿಸಿದ ಈತ, ಪಾಠಕ್ಕೆ ನಿಂತಾಗ ನ್ಯೂಟನ್ನನ ಚಲನನಿಯಮಗಳಿಂದಲೇ ಮೊದಲುಮಾಡುತ್ತಿದ್ದ. ಹಲಗೆಯನ್ನು ಬಿಟ್ಟ ಮೇಲೆ ದೇಹ ಸಾಗುವ ದಾರಿಯನ್ನು ಯಾರೂ ಬದಲಿಸಲಾರರು; ಮೊಣಕಾಲನ್ನು ಎದೆಗೆ ಅವುಚಿಕೊಂಡರೆ ಸುತ್ತು ವೇಗವಾಗುತ್ತದೆ, ಮೈ ಚಾಚಿದರೆ ನಿಧಾನವಾಗುತ್ತದೆ, ಅಷ್ಟೆ. ತಿರುಗುವ ಪೀಠ, ಕೈಯಲ್ಲಿ ಎರಡು ತೂಕದ ಗುಂಡು ಹಿಡಿದು ಇದನ್ನೇ ನಾನು ಎಷ್ಟು ಸಲ ವಿವರಿಸಿಲ್ಲ! ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಬಿಲ್ಲಿಂಗ್ಸ್‌ಲಿಯ ಶಿಷ್ಯರಿಬ್ಬರು 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದರು: ಸ್ಪ್ರಿಂಗ್‌ಬೋರ್ಡಿನಲ್ಲಿ ಕೆನ್ ಸಿಟ್ಸ್‌ಬರ್ಗರ್, ಎತ್ತರದ ಅಟ್ಟಣೆಯಿಂದ ಹದಿನೇಳರ ಹುಡುಗಿ ಲೆಸ್ಲಿ ಬುಷ್. ವಿಶ್ವವಿದ್ಯಾನಿಲಯದ ತಂಡವೋ ಆಗ ಗಂಡಸರದು. ಓದಿನಲ್ಲಿ ಹೆಣ್ಣುಗಂಡೆಂಬ ಭೇದವನ್ನು ನಿಷೇಧಿಸಿದ ಶಾಸನ ಅಮೆರಿಕದಲ್ಲಿ ಬಂದದ್ದೇ 1972ರಲ್ಲಿ. ಅವರೂ ಒಂದು ಬಗೆಯಲ್ಲಿ ಪಟ್ಟಿಯ ಹೊರಗಿನವರೇ.

ಮುಂದಿನ ವೈಭವದ ಕಥೆ ಎಲ್ಲರಿಗೂ ಗೊತ್ತಿರುವಂಥದು. 1968ರಿಂದ 1973ರವರೆಗೆ ಆರು ವರ್ಷ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ. 1972ರ ಮ್ಯೂನಿಕ್ಕಿನಲ್ಲಿ ಏಳು ಚಿನ್ನ, ಏಳೂ ವಿಶ್ವದಾಖಲೆ ಎನಿಸಿದ ಮಾರ್ಕ್ ಸ್ಪಿಟ್ಜ್ ಇಲ್ಲಿಯ ವಿದ್ಯಾರ್ಥಿಯೇ. ಡಾಕ್ ತಾವೇ 1979ರಲ್ಲಿ, 58ನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ಅಷ್ಟು ವಯಸ್ಸಿನವರಾರೂ ಅದುವರೆಗೆ ದಾಟಿರಲಿಲ್ಲ. 1990ರಲ್ಲಿ ನಿವೃತ್ತರಾಗಿ, 2004ರಲ್ಲಿ ತೀರಿಕೊಂಡರು. 1996ರಲ್ಲಿ ತೆರೆದ ಹೊಸ ಈಜುಗೊಳಕ್ಕೆ ಇಬ್ಬರು ಗುರುಗಳ ಹೆಸರನ್ನೂ ಇಟ್ಟಿದ್ದಾರೆ. ಅಲ್ಲಿ ಪಳಗಿದ ಲಿಲಿ ಕಿಂಗ್ ಎಂಬ ವಿದ್ಯಾರ್ಥಿನಿ 2017ರಲ್ಲಿ ಬುಡಾಪೆಸ್ಟಿನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನು 1 ನಿಮಿಷ 4.13 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಸ್ಥಾಪಿಸಿದಳು. ಜಸ್ಟ್ರೆಮ್‌ಸ್ಕಿಯ 1961ರ ದಾಖಲೆಗಿಂತ ಮೂರು ಸೆಕೆಂಡಿಗೂ ಮಿಗಿಲಾದ ವೇಗ.

ಜಸ್ಟ್ರೆಮ್‌ಸ್ಕಿಗೆ ಟೋಕಿಯೋದಲ್ಲಿ ದೊರೆತದ್ದು 200 ಮೀಟರಿನ ಕಂಚು. ಅವನು ಅಜೇಯನಂತಿದ್ದ 100 ಮೀಟರ್ ಆಗಿನ್ನೂ ಒಲಿಂಪಿಕ್ಸಿನಲ್ಲಿ ಇರಲೇ ಇಲ್ಲ. ಅದನ್ನು ಸೇರಿಸಿದ್ದು 1968ರ ಮೆಕ್ಸಿಕೋದಲ್ಲಿ. ಆ ಮೊದಲ ಚಿನ್ನವನ್ನು ಗೆದ್ದವನು ಡಾನ್ ಮೆಕೆಂಜಿ, ಅವನೂ ಇಂಡಿಯಾನದವನು. ಜಸ್ಟ್ರೆಮ್‌ಸ್ಕಿ ವೈದ್ಯಶಾಸ್ತ್ರ ಓದಿ, ಬ್ಲೂಮಿಂಗ್‌ಟನ್ನಿಗೇ ಮರಳಿ, ತನ್ನ ವಿಶ್ವವಿದ್ಯಾನಿಲಯದ ಕ್ರೀಡಾಪಟುಗಳಿಗೂ ಊರವರಿಗೂ ವೈದ್ಯನಾಗಿ ಬಾಳಿ 2014ರಲ್ಲಿ ತೀರಿಕೊಂಡ. ಅವನು ಶುಶ್ರೂಷೆ ಮಾಡಿದವರಲ್ಲಿ ಫುಟ್‌ಬಾಲ್ ಆಟಗಾರರೂ ಇದ್ದಿರಬೇಕು.