ಬಗ್ದಾದ್ ಬಿಟ್ಟು ಹೋದ ಇಮಾಮ್

ನೋಂಬು ತಿಂಗಳಲ್ಲಿ ನಮ್ಮ ಮನೆಗಳ ದಿನಸಿ ಖರ್ಚು ಇಳಿಯಬೇಕಿತ್ತು. ಏರುತ್ತದೆ. ಅಸರ್ ಕಳೆಯುವ ಹೊತ್ತಿಗೆ ಉಮ್ಮಂದಿರು ಎಣ್ಣೆ ಬಾಣಲೆಯ ಮುಂದೆ ನಿಂತಿರುತ್ತಾರೆ. ಮಗ್ರಿಬ್ ಬಾಂಗ್ ಆಗುವಾಗ ಸುಪ್ರ ತುಂಬಿರುತ್ತದೆ, ತರಾವೀಹ್‌ಗೆ ನಿಂತರೆ ಹೊಟ್ಟೆ ಭಾರ. "ಹಗಲೆಲ್ಲಾ ಹಸಿದಿದ್ದೆವಲ್ಲಾ" ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಈ ದೂರು ಹೊಸತೇನಲ್ಲ. ಒಂಬೈನೂರು ವರ್ಷಗಳ ಹಿಂದೆಯೇ ಇಮಾಮ್ ಗಝ್ಝಾಲಿ 'ಇಹ್ಯಾ ಉಲೂಮಿದ್ದೀನ್'ನ ಉಪವಾಸದ ಭಾಗದಲ್ಲಿ ಇದನ್ನೇ ಬರೆದಿದ್ದಾರೆ: ಹಗಲು ತಪ್ಪಿದ್ದನ್ನೆಲ್ಲಾ ರಾತ್ರಿ ಸೇರಿಸಿ ತಿಂದರೆ ನಫ್ಸಿನ ಆಸೆ ತಗ್ಗುವುದು ಹೇಗೆ ಎಂಬುದು ಅವರ ಪ್ರಶ್ನೆ.

ಹೀಗೆ ಕೇಳಿದವರು ಆಸೆಯ ರುಚಿ ಅರಿಯದವರಲ್ಲ. 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಅಧ್ಯಾಪಕರಾದಾಗ ಅವರಿಗೆ ಮೂವತ್ತು ದಾಟಿತ್ತಷ್ಟೆ. ಮುನ್ನೂರು ವಿದ್ಯಾರ್ಥಿಗಳು, ಹಣ, ದೊಡ್ಡ ಹೆಸರು. ನಾಲ್ಕು ವರ್ಷಗಳ ನಂತರ ಅವರು ತನ್ನನ್ನೇ ಕೇಳಿಕೊಂಡರು: ಈ ಪಾಠ ಅಲ್ಲಾಹನಿಗಾಗಿಯೋ, ಕೀರ್ತಿಗಾಗಿಯೋ? ಉತ್ತರ ಕೀರ್ತಿಯ ಕಡೆಗೇ ವಾಲಿತು. ಬಿಟ್ಟು ಹೋಗಬೇಕೆಂದು ಬೆಳಿಗ್ಗೆ ನಿರ್ಧಾರ, ಸಂಜೆಗೆ ಮನಸ್ಸು ಬದಲು. ಹೀಗೆ ಸುಮಾರು ಆರು ತಿಂಗಳು. ಕೊನೆಗೆ ಪಾಠ ಹೇಳಲು ನಾಲಗೆಯೇ ಹೊರಳಲಿಲ್ಲ, ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಮನಸ್ಸಿನ ಸಂಕಟ ದೇಹಕ್ಕಿಳಿದಿದೆ, ಮದ್ದು ಸಾಲದು ಎಂದು ವೈದ್ಯರು ಕೈಚೆಲ್ಲಿದರು.

ಅಲ್ಲಾಹನ ಮುಂದೆ ಸೋತು ಕೈಯೆತ್ತಿದ ಮೇಲೆಯೇ ಬಿಡುವುದು ಹಗುರವಾಯಿತು ಎನ್ನುತ್ತಾರೆ ಇಮಾಮರು. ಸಂಸಾರಕ್ಕೆ ಬೇಕಾದಷ್ಟು ಇಟ್ಟು ಉಳಿದ ಸಂಪತ್ತನ್ನು ಹಂಚಿ 1095ರಲ್ಲಿ ಊರು ಬಿಟ್ಟರು. ದಮಾಸ್ಕಸ್‌ನ ದೊಡ್ಡ ಮಸೀದಿಯ ಮಿನಾರ ಏರಿ, ಬಾಗಿಲು ಹಾಕಿ ದಿನವಿಡೀ ಏಕಾಂತದಲ್ಲಿ ಕುಳಿತರು. ಸಂಸಾರಕ್ಕೆ ಇಟ್ಟುಹೋದರು ಎಂಬುದನ್ನು ನಾವು ಮರೆಯಬಾರದು. ಆಸೆ ಬಿಡುವುದೆಂದರೆ ಹೆಂಡತಿ ಮಕ್ಕಳನ್ನು ಬೀದಿಗೆ ಹಾಕುವುದಲ್ಲ.

ಹೊಟ್ಟೆಯ ಆಸೆಗಿಂತ ಹೆಸರಿನ ಆಸೆ ಜಿಗುಟು. ಇಹ್ಯಾದಲ್ಲಿ ಹೊಟ್ಟೆ ಮತ್ತು ಕಾಮ, ಈ ಎರಡು ಆಸೆಗಳನ್ನು ಮುರಿಯುವ ಬಗ್ಗೆಯೇ ಒಂದು ಭಾಗವಿದೆ. ಕಡಿಮೆ ತಿಂದು ಅದನ್ನು ಜನರಿಗೆ ತೋರಿಸಿಕೊಳ್ಳುವ ರೋಗವನ್ನೂ ಅವರು ಅಲ್ಲೇ ಸೇರಿಸಿದ್ದಾರೆ. ಇಫ್ತಾರ್‌ನಲ್ಲಿ ಎರಡು ತಿಂಡಿ ಕಡಿಮೆ ಮಾಡಿ, ಬರೀ ಖರ್ಜೂರ ನೀರಿನ ಫೋಟೋ ಸ್ಟೇಟಸ್ ಹಾಕುವ ನಮ್ಮಂಥವರಿಗೂ ಅದು ತಾಗುತ್ತದೆ!

ಮಕ್ಕಳ ಕರೆಗೆ ಓಗೊಟ್ಟು ಇಮಾಮರು ಮರಳಿ ಮನೆಗೆ ಬಂದರು. 1106ರಲ್ಲಿ ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಮೊದಲು ಕಲಿಸಿದ್ದು ಸ್ಥಾನ ಗಳಿಸುವ ವಿದ್ಯೆ, ಈಗಿನದು ಸ್ಥಾನ ಬಿಡಿಸುವ ವಿದ್ಯೆ ಎಂದು ಅವರೇ ಹೇಳಿಕೊಂಡಿದ್ದಾರೆ.