ಸೈಕಾಲಜಿಗೆ ನಾಲ್ಕನೇ ವರ್ಷ ಯಾಕೆ?

ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಂಥ ಊರಿನ ಮಟ್ಟಿಗೆ ಬಿ.ಎ. ಅಂದರೆ ಎಚ್‌ಇಪಿ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಅದು ಮುಗಿದರೆ ಬಿ.ಇಡಿ., ಇಲ್ಲವೆ ಪಿಡಿಒ, ಪಿಎಸ್‌ಐ ಪರೀಕ್ಷೆಗೆ ತಯಾರಿ. ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿಯ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ, ‘ನಾ ಸೈಕಾಲಜಿ ಆನರ್ಸ್ ಮಾಡ್ತೀನಿ’ ಅಂದಳು ಎಂದಿಟ್ಟುಕೊಳ್ಳಿ. ಮದುವೆಮನೆಯಲ್ಲಿ ಕಾಕಾ ಕೇಳುವ ಮೊದಲ ಪ್ರಶ್ನೆ, ‘ಅಂದ್ರ ಹುಚ್ಚರ ಡಾಕ್ಟರ್ ಆಗ್ತಿಯೇನವ್ವಾ?’ ಎರಡನೆಯದು, ‘ಹಂಗಂದ್ರ ನನ್ನ ಮನಸ್ಸಿನ್ಯಾಗ ಏನದ, ಹೇಳು ನೋಡೋಣ.’ ಆನರ್ಸ್ ಅಂದರೇನು ಎಂದು ಯಾರೂ ಕೇಳುವುದಿಲ್ಲ. ನಿಜಕ್ಕೂ ಉತ್ತರಿಸಲು ಕಷ್ಟವಾಗುವುದು ಅದೇ.

ಕಾಕಾನ ಪ್ರಶ್ನೆಗಳಿಗಾದರೆ ಉತ್ತರ ಸುಲಭ. ಮನಸ್ಸಿನ ಕಾಯಿಲೆಗೆ ಮಾತ್ರೆ ಬರೆಯುವವರು ಮನೋವೈದ್ಯರು. ಅದಕ್ಕೆ ಎಂಬಿಬಿಎಸ್ ಆಗಬೇಕು, ಅದರ ಮೇಲೆ ಎಂ.ಡಿ. ಮಾಡಬೇಕು. ಸೈಕಾಲಜಿ, ಅಂದರೆ ಮನೋವಿಜ್ಞಾನ, ಹೆಚ್ಚಾಗಿ ನೋಡುವುದು ಕಾಯಿಲೆ ಇಲ್ಲದವರನ್ನೇ. ಮನುಷ್ಯ ಹೇಗೆ ನೆನಪಿಟ್ಟುಕೊಳ್ಳುತ್ತಾನೆ, ಯಾಕೆ ಮರೆಯುತ್ತಾನೆ, ಗುಂಪಿನಲ್ಲಿದ್ದಾಗ ಒಂಟಿಯಾಗಿದ್ದಾಗಿನಂತೆ ಯಾಕೆ ನಡೆದುಕೊಳ್ಳುವುದಿಲ್ಲ ಎಂಬುದು ಅದರ ಹುಡುಕಾಟ. ಎದುರಿಗೆ ಕೂತವರ ಮನಸ್ಸು ಓದುವ ವಿದ್ಯೆ ಯಾವ ಸೆಮಿಸ್ಟರಿನಲ್ಲೂ ಇಲ್ಲ.

ಇನ್ನು ಆನರ್ಸ್. ಪದವೇನೂ ಹೊಸದಲ್ಲ. ಹಳೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ಜಾಣರು ಬಿ.ಎ. ಆನರ್ಸ್ ಸೇರುತ್ತಿದ್ದರು. ಆಮೇಲೆ ಪದ ಮರೆಗೆ ಸರಿಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ಕರ್ನಾಟಕದಲ್ಲಿ 2021-22ರಲ್ಲಿ ಅದು ಮರಳಿ ಬಂತು: ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷವನ್ನೂ ಓದಿದರೆ ಆನರ್ಸ್. ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, ಅದರ ಮಧ್ಯಂತರ ವರದಿ ಬಂತು. 2024ರ ಮೇ ತಿಂಗಳ ಆದೇಶದೊಂದಿಗೆ ಪದವಿ ಮತ್ತೆ ಮೂರು ವರ್ಷಕ್ಕಿಳಿಯಿತು. ನಡುವಿನ ಮೂರು ಬ್ಯಾಚಿನವರಿಗೆ ಮಾತ್ರ ನಾಲ್ಕನೇ ವರ್ಷದ ಆಯ್ಕೆ ಉಳಿಯಿತು. ಡೀಮ್ಡ್ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯಗಳು ಯುಜಿಸಿಯ ಲೆಕ್ಕವನ್ನೇ ಹಿಡಿದಿವೆ: ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕಕ್ಕೆ 160. ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಪಡೆದವರು ಕೊನೆಯ ವರ್ಷ ಸ್ವಂತ ಸಂಶೋಧನೆ ಮಾಡಿ ‘ಆನರ್ಸ್ ವಿತ್ ರಿಸರ್ಚ್’ ಪಡೆಯಬಹುದು.

ರೈತಾಪಿ ಮನೆಯೊಂದಕ್ಕೆ ನಾಲ್ಕನೇ ವರ್ಷವೆಂದರೆ ಇನ್ನೊಂದು ವರ್ಷದ ಹಾಸ್ಟೆಲ್ ಖರ್ಚು, ಒಂದು ವರ್ಷ ತಡವಾಗಿ ಬರುವ ಸಂಬಳ. ಮೂರೇ ಸಾಕು ಅನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ಎಲ್ಲ ವಿಷಯಗಳಿಗೂ ಒಂದೇ ಅಳತೆಗೋಲು ಹಿಡಿದಾಗ ಹೆಚ್ಚು ಕಳೆದುಕೊಳ್ಳುವ ವಿಷಯಗಳಲ್ಲಿ ಮನೋವಿಜ್ಞಾನವೂ ಒಂದು. ಯಾಕೆಂಬುದು ಅದರ ಲ್ಯಾಬಿಗೆ ಹೊಕ್ಕರೆ ತಿಳಿಯುತ್ತದೆ.

ಮೇಜಿನ ಮೇಲೆ ಒಂದು ಕನ್ನಡಿ. ಅದರ ಮುಂದೆ ಹಾಳೆಯಲ್ಲಿ ಜೋಡುಗೆರೆಯ ನಕ್ಷತ್ರ. ಕೈ ಮತ್ತು ಹಾಳೆ ನೇರವಾಗಿ ಕಾಣದಂತೆ ನಡುವೆ ಒಂದು ಅಡ್ಡಹಲಗೆ. ಕನ್ನಡಿಯಲ್ಲಿ ಕಾಣುವುದನ್ನಷ್ಟೇ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮುಂದಕ್ಕೆ ಒಯ್ಯಬೇಕೆಂದರೆ ಕೈ ಹಿಂದಕ್ಕೆ ಹೋಗುತ್ತದೆ, ಮೂಲೆಯಲ್ಲಿ ತಿರುಗಲು ಹೋಗಿ ಅಲ್ಲೇ ಗೀಚಾಡುತ್ತದೆ. ಮೊದಲ ಸಲ ಕೂತವರೆಲ್ಲ ನಗುತ್ತಾರೆ, ಮೂರನೇ ಸಲಕ್ಕೆ ಹಟ ಹಿಡಿಯುತ್ತಾರೆ. ಎದುರಿಗಿರುವ ವಿದ್ಯಾರ್ಥಿನಿ ಸ್ಟಾಪ್‌ವಾಚ್ ಹಿಡಿದು ಸಮಯ, ತಪ್ಪು ಎಣಿಸುತ್ತಾಳೆ. ಬಲಗೈಯಲ್ಲಿ ಅಭ್ಯಾಸ ಮಾಡಿಸಿ, ಆಮೇಲೆ ಎಡಗೈಗೆ ಪೆನ್ಸಿಲ್ ಕೊಟ್ಟರೆ ಅಭ್ಯಾಸವೇ ಇಲ್ಲದ ಎಡಗೈಯೂ ಸುಧಾರಿಸಿರುತ್ತದೆ. ಒಂದು ಕೈ ಕಲಿತದ್ದು ಇನ್ನೊಂದಕ್ಕೆ ದಾಟಿರುತ್ತದೆ! (ಪ್ರಯೋಗಕ್ಕೆ ಕೂತವರನ್ನು ‘ಸಬ್ಜೆಕ್ಟ್’ ಅನ್ನುತ್ತಾರೆ, ಓದುವ ವಿಷಯವೂ ಸಬ್ಜೆಕ್ಟೇ. ಈ ಶಾಸ್ತ್ರದಲ್ಲಿ ಎರಡೂ ಒಂದೇ ಆದ್ದರಿಂದ ಅದು ಸರಿಯೇ.)

ಪ್ರಯೋಗದ ಫಲಿತಾಂಶ ಮಾತ್ರ ಹೊಸದಲ್ಲ. ಸೀನಿಯರ್‌ಗಳ ರೆಕಾರ್ಡ್ ಬುಕ್ಕಿನಲ್ಲಿ ಅದು ಮೊದಲೇ ಬರೆದಿಟ್ಟಿರುತ್ತದೆ, ಚರ್ಚೆಯ ಪ್ಯಾರಾ ಸಮೇತ. ಮೂರು ವರ್ಷದಲ್ಲಿ ವಿದ್ಯಾರ್ಥಿ ಕಲಿಯುವುದು ಬೇರೆಯವರ ಪ್ರಶ್ನೆಗೆ ಉತ್ತರ ಬರುವಂತೆ ಮಾಡುವುದನ್ನು. ಜೊತೆಗೆ ಸಂಖ್ಯಾಶಾಸ್ತ್ರ. ಗಣಿತ ಬೇಡವೆಂದು ಆರ್ಟ್ಸ್ ಸೇರಿದವರು ಇಲ್ಲಿ ಸರಾಸರಿ, ಸಹಸಂಬಂಧ, ಟಿ-ಟೆಸ್ಟುಗಳಿಗೆ ಸಿಕ್ಕಿಬೀಳುತ್ತಾರೆ. ಆ ಲೆಕ್ಕ ಯಾತಕ್ಕೆ ಬೇಕೆಂಬುದು ಹೊಳೆಯುವುದು ಸ್ವಂತ ಪ್ರಶ್ನೆಯೊಂದನ್ನು ಹಿಡಿದು ಹೊರಟಾಗ, ಅಂದರೆ ನಾಲ್ಕನೇ ವರ್ಷದಲ್ಲಿ.

ಈ ಶಾಸ್ತ್ರ ಕನ್ನಡ ನಾಡಿಗೆ ಬಂದ ಕಥೆಯೂ ಲ್ಯಾಬಿನದೇ. ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದದ್ದು 1879ರಲ್ಲಿ. ಭಾರತದಲ್ಲಿ ಮೊದಲ ವಿಭಾಗ ಕಲ್ಕತ್ತೆಯದು, 1916ರಲ್ಲಿ. ಅದಕ್ಕೂ ಮೊದಲೇ ಅಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮದ ಕರಡು ಬರೆದಿದ್ದ ಬ್ರಜೇಂದ್ರನಾಥ ಸೀಲ್ 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ವಿಭಾಗ ಕಟ್ಟಿದರು. ಇದೇ ಪ್ರೊಫೆಸರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟರು. ರೇಡಿಯೊದಿಂದ ಗೋಪಾಲಸ್ವಾಮಿಯವರನ್ನು ನೆನೆಯುವವರು ಬೇಕಾದಷ್ಟಿದ್ದಾರೆ. ಅವರ ಸಂಬಳದ ಕೆಲಸ ಮನೋವಿಜ್ಞಾನವೆಂಬುದು ಎಷ್ಟು ಜನಕ್ಕೆ ನೆನಪಿದೆಯೋ.

ಬೀದರ್ ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು; ಮೈಸೂರಿನ ಆ ಬೆಳಕು ಇಲ್ಲಿಗೆ ಬೀಳುವಂತಿರಲಿಲ್ಲ. ಈಗ ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವಿದೆ. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. 2017ರಲ್ಲಿ ಬೀದರ್-ಕಲಬುರಗಿ ರೈಲುಮಾರ್ಗ ತೆರೆದ ಮೇಲೆ ಹುಮನಾಬಾದಿನಲ್ಲಿ ಹತ್ತಿ ಕಲಬುರಗಿಯಲ್ಲಿ ಇಳಿಯಬಹುದು. ದೂರ ಕಡಿಮೆಯಾಯಿತು, ಉಳಿದಿರುವುದು ಪುಸ್ತಕದ ದೂರ.

ಪಠ್ಯಪುಸ್ತಕದ ಪ್ರಯೋಗಗಳಲ್ಲಿ ಕೂತವರು ಯಾರು? ಬಹುಪಾಲು ಅಮೆರಿಕ, ಯುರೋಪಿನವರು, ಅದರಲ್ಲೂ ಕಾಲೇಜು ಹುಡುಗರು. 2003ರಿಂದ 2007ರವರೆಗಿನ ಆರು ಪ್ರಮುಖ ಅಮೆರಿಕನ್ ಸಂಶೋಧನಾ ಪತ್ರಿಕೆಗಳನ್ನು ಜಾಲಾಡಿದಾಗ ಸಬ್ಜೆಕ್ಟ್‌ಗಳಲ್ಲಿ ಶೇ 96ರಷ್ಟು ಜನ ಪಶ್ಚಿಮದ ಕೈಗಾರಿಕಾ ದೇಶಗಳವರೇ ಎಂದು ಕಂಡುಬಂತು. ಜಗತ್ತಿನ ಜನಸಂಖ್ಯೆಯಲ್ಲಿ ಅವರ ಪಾಲು ಶೇ 12. ಆ ಫಲಿತಾಂಶ ಎಲ್ಲರಿಗೂ ಹೊಂದುತ್ತದೆಯೇ? ತುದಿಯಲ್ಲಿ ಬಾಣದ ಗುರುತಿರುವ ಎರಡು ಸಮ ಗೆರೆಗಳಲ್ಲಿ ಒಂದು ಉದ್ದವಾಗಿ ಕಾಣುವ ಮ್ಯೂಲರ್-ಲಯರ್ ಭ್ರಮೆಯನ್ನೇ ನೋಡಿ. ಎಲ್ಲ ವಿದ್ಯಾರ್ಥಿಗಳೂ ಮಾಡುವ ಪ್ರಯೋಗ ಅದು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ನಮ್ಮ ಗಡಿಯಾಚೆಯ ನೀಲಗಿರಿಗೆ ಬಂದು ತೋಡರಿಗೆ ಆ ಗೆರೆಗಳನ್ನು ತೋರಿಸಿದಾಗ, ಅವರು ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು.

ಇನ್ನೊಂದು ಉದಾಹರಣೆ ದುಬಲಗುಂಡಿಗೆ ಮತ್ತೂ ಹತ್ತಿರದ್ದು. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಪರೀಕ್ಷೆಯನ್ನು 1930ರ ದಶಕದಲ್ಲಿ ವಿ.ವಿ. ಕಾಮತ್ ಇಲ್ಲಿಗೆ ಒಗ್ಗಿಸಿದರು, ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ. ‘ಬಿನೆ-ಕಾಮತ್’ ಎಂಬ ಹೆಸರಲ್ಲಿ ಅದು ದಶಕಗಳ ಕಾಲ ದೇಶದ ಚಿಕಿತ್ಸಾಲಯಗಳಲ್ಲಿ ಬಳಕೆಯಾಯಿತು. ಬೀದರಿನ ಗಡಿ ಊರುಗಳಲ್ಲಿ ಇವೆರಡೂ ಭಾಷೆಗಳು ಅಕ್ಕಪಕ್ಕದ ಮನೆಯಲ್ಲಿರುತ್ತವೆ, ಜೊತೆಗೆ ದಖ್ಖನಿ ಉರ್ದು, ತೆಲುಗು. ಸಂತೆಯಲ್ಲಿ ತೊಗರಿ ಮಾರುವಾತ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾನೆ. ಇಂಗ್ಲಿಷ್ ಪುಸ್ತಕದ ಮುಂದೆ ಕಂಗಾಲಾಗುವ ಹುಡುಗಿಗೆ ಇಂಥ ಊರಿನಿಂದ ಬಂದದ್ದು ಕೊರತೆಯೆಂದು ಅನ್ನಿಸಬಹುದು. ಆದರೆ ಎರಡು-ಮೂರು ಭಾಷೆಯ ಮನಸ್ಸನ್ನು ಅರಿಯಬಯಸುವ ಸಂಶೋಧಕಿಗೆ ಇಷ್ಟು ಅನುಕೂಲದ ಜಾಗ ಬೆಂಗಳೂರಿನ ಕ್ಯಾಂಪಸ್ಸಿನೊಳಗೆ ಸಿಗಲಾರದು.

ಓದಿನ ಮುಂದಿನ ದಾರಿಯ ವಿಷಯದಲ್ಲಿ ಯಾರೂ ಭ್ರಮೆ ಇಟ್ಟುಕೊಳ್ಳಬಾರದು. ಆನರ್ಸ್ ಮುಗಿಸಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ ಅಲ್ಲಿ ನೋಂದಣಿಯಾಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನ ಎರಡು ವರ್ಷದ ಎಂ.ಫಿಲ್. ಇಂಥ ತರಬೇತಿಗಳಲ್ಲಿ ಬಹುಕಾಲ ಹೆಸರಾಗಿತ್ತು. ಮನೆಯಲ್ಲೇ ಕೂತು ಓದೋಣವೆಂದರೆ ಆ ಬಾಗಿಲೂ ಮುಚ್ಚಿದೆ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ಹೇಳಿದೆ. ಕೈಯಲ್ಲಿ ಕಲಿಯಬೇಕಾದ ವಿದ್ಯೆಗೆ ಅದು ನ್ಯಾಯವೇ. ಹಳ್ಳಿಯ ಹೆಣ್ಣುಮಕ್ಕಳಿಗೆ ಮಾತ್ರ ಅದು ನುಂಗಲಾರದ ತುತ್ತು.

ಕೆಲಸವಂತೂ ಬೇಕಾದಷ್ಟಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿತ್ತು. ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ಪರಿಹಾರ ಹುಡುಕುವ ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು ನಡೆದದ್ದು ಕಲ್ಯಾಣ ಕರ್ನಾಟಕದಲ್ಲೇ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ನಿಮ್ಹಾನ್ಸ್ ತರಬೇತಿ ಕೊಟ್ಟಿತು. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಈ ಕೆಲಸದಲ್ಲಿಯೂ ಕೊನೆಗೆ ಎದುರಾಗುವುದು ಮಾತಿನ ಪ್ರಶ್ನೆ. ಹುಡುಗಿಯ ಕೈಯಲ್ಲಿ ಆತಂಕ ಅಳೆಯುವ ಪ್ರಶ್ನಾವಳಿ ಇದೆ ಎಂದುಕೊಳ್ಳಿ: ಒಂದೊಂದು ಪ್ರಶ್ನೆಗೂ ಐದು ಉತ್ತರ, ಒಂದಕ್ಕೆ ಗುರುತು ಹಾಕಬೇಕು. ಅಜ್ಜಿಯೊಬ್ಬಳು ಗುರುತು ಹಾಕುವುದಿಲ್ಲ, ‘ಎದಿ ಡಬಡಬ ಅಂತದವ್ವಾ’ ಅನ್ನುತ್ತಾಳೆ. ಪಕ್ಕದ ಮನೆಯ ಖಾಲಾ ‘ದಿಲ್ ಘಬ್ರಾರಾ’ ಅನ್ನುತ್ತಾಳೆ. ಎದುರುಮನೆಯ ಮರಾಠಿ ಬಾಯಿ ಜೀವ ಘುಸ್ಮಟಿಸುತ್ತದೆ ಅನ್ನುತ್ತಾಳೆ. ಮೂವರೂ ಹೇಳುತ್ತಿರುವುದು ಒಂದೇ ತೊಂದರೆಯನ್ನೋ, ಮೂರು ಬೇರೆ ಬೇರೆಯವನ್ನೋ? ಯಾರ ರೆಕಾರ್ಡ್ ಬುಕ್ಕಿನಲ್ಲೂ ಉತ್ತರವಿಲ್ಲದ ಈ ಪ್ರಶ್ನೆ ನಾಲ್ಕನೇ ವರ್ಷದ ಪ್ರಾಜೆಕ್ಟಿಗೆ ಧಾರಾಳವಾಗಿ ಸಾಕು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು, ಮೂರೂ ಭಾಷೆಗೆ ಅನುವಾದಿಸಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಬೇಕು. ಸಂಬಂಧಿಕರನ್ನು ಸ್ಯಾಂಪಲ್ಲಿಗೆ ಸೇರಿಸಬೇಡ ಎಂದು ಗೈಡ್ ಮೊದಲೇ ಹೇಳಿರುತ್ತಾರೆ. ಹಾಗಾಗಿ ಕಾಕಾನ ಮನೆ ಬಿಟ್ಟು ಆಚೆ ಓಣಿಯಿಂದ ಶುರು ಮಾಡಬೇಕು.