ಸೆಟ್ಟಿಂಗ್ ಬದಲಿಸಿದ ಮೇಲೆ ನ್ಯಾಸ್ ಸರ್ವರ್ ಸ್ಪಂದಿಸದಿದ್ದರೆ

ನಾಲ್ಕಾರು ಕಂಪ್ಯೂಟರ್‌ಗಳಿರುವ ವ್ಯಾಪಾರ ಸಂಸ್ಥೆಗಳಲ್ಲಿ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಟ್ಯಾಲಿ ಲೆಕ್ಕ, ಖರೀದಿ ಬಿಲ್ಲುಗಳ ಸ್ಕ್ಯಾನ್ ಪ್ರತಿ, ವೇತನ ಪಟ್ಟಿ ಮುಂತಾದವನ್ನು ಒಂದೆಡೆ ಇರಿಸಲು ‘ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್’, ಸಂಕ್ಷೇಪವಾಗಿ ‘ನ್ಯಾಸ್’, ಎಂಬ ಪುಟ್ಟ ಸರ್ವರನ್ನು ಬಳಸುವುದು ಸಾಮಾನ್ಯವಾಗಿದೆ. ಈ ಪೆಟ್ಟಿಗೆಗೆ ಬಹುತೇಕ ಪರದೆಯಾಗಲಿ ಕೀಲಿಮಣೆಯಾಗಲಿ ಇರುವುದಿಲ್ಲ. ಬೇರೊಂದು ಕಂಪ್ಯೂಟರಿನ ಬ್ರೌಸರ್ ಮೂಲಕವೇ ಅದನ್ನು ನಿರ್ವಹಿಸಬೇಕು. ಆದುದರಿಂದ ನೆಟ್‌ವರ್ಕ್ ಸೆಟ್ಟಿಂಗ್ ಒಂದನ್ನು ತಪ್ಪಾಗಿ ಬದಲಿಸಿದಲ್ಲಿ, ಅದನ್ನು ಸರಿಪಡಿಸಲು ಒಳಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಮಾಸಿಕ ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಖು ಜಿಎಸ್‌ಟಿಆರ್-1ಕ್ಕೂ 20ನೇ ತಾರೀಖು ಜಿಎಸ್‌ಟಿಆರ್-3ಬಿಗೂ ಕೊನೆಯ ದಿನ. ಅಂತಹ ದಿನಗಳ ಹಿಂದುಮುಂದಿನಲ್ಲಿ ಸರ್ವರ್ ಸ್ಪಂದಿಸದಿದ್ದರೆ ಗಾಬರಿಯಾಗುವುದು ಸಹಜ. ಆದರೆ ಇಂತಹ ಸಂದರ್ಭಗಳಲ್ಲಿ ಶಾಶ್ವತ ನಷ್ಟವಾಗುವುದು ಹೆಚ್ಚಾಗಿ ಮೂಲ ದೋಷದಿಂದಲ್ಲ, ಅವಸರದಲ್ಲಿ ಕೈಗೊಂಡ ಪರಿಹಾರದಿಂದ.

ದತ್ತಾಂಶ ಬೇರೆ, ಸೆಟ್ಟಿಂಗ್ ಬೇರೆ

ಐಪಿ ವಿಳಾಸ, ಪಾಸ್‌ವರ್ಡ್, ಫೈರ್‌ವಾಲ್ ಇವೆಲ್ಲ ಸರ್ವರನ್ನು ತಲುಪುವ ಮಾರ್ಗಕ್ಕೆ ಸಂಬಂಧಿಸಿದವು. ಅವು ಕೆಟ್ಟರೂ ಡಿಸ್ಕ್‌ಗಳಲ್ಲಿರುವ ಲೆಕ್ಕಪತ್ರಗಳು ಹಾಗೆಯೇ ಇರುತ್ತವೆ. ಗೋದಾಮಿನ ಬೀಗದ ಕೈ ಕಳೆದುಹೋದರೆ ಒಳಗಿನ ಸರಕು ಹಾಳಾಗುವುದಿಲ್ಲವಷ್ಟೆ. ಆದ್ದರಿಂದ ‘ಫಾರ್ಮ್ಯಾಟ್’ ಅಥವಾ ‘ಇನಿಷಿಯಲೈಸ್’ ಎಂಬ ಆಯ್ಕೆ ಕಂಡುಬಂದಲ್ಲಿ ಅದನ್ನು ಒತ್ತಲೇಬಾರದು. ಡಿಸ್ಕ್‌ಗಳನ್ನು ಹೊರತೆಗೆದು ಸ್ಥಾನ ಬದಲಿಸುವುದು, ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆಗೆ ಒಪ್ಪಿಗೆ ನೀಡುವುದು ಇವೂ ಅಷ್ಟೇ ಅಪಾಯಕರ.

ಪರಿಶೀಲನೆಯ ಕ್ರಮ

1. ಕೊನೆಯದಾಗಿ ಏನನ್ನು ಬದಲಿಸಲಾಯಿತು, ಯಾರು, ಯಾವಾಗ ಬದಲಿಸಿದರು ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಬಹುಪಾಲು ಕಾರಣ ಅದರಲ್ಲಿಯೇ ಸಿಗುತ್ತದೆ.

2. ಪೆಟ್ಟಿಗೆಯ ದೀಪಗಳನ್ನು ನೋಡಬೇಕು. ಕೇಬಲ್ ಸೇರುವ ಜಾಗದ ದೀಪ ಉರಿಯದಿದ್ದರೆ ಕೇಬಲನ್ನೂ ಸ್ವಿಚ್ಚಿನ ಪೋರ್ಟನ್ನೂ ಬದಲಿಸಿ ನೋಡಬೇಕು. ಡಿಸ್ಕ್ ದೀಪಗಳು ಸತತವಾಗಿ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿರಬಹುದು. ಆಗ ವಿದ್ಯುತ್ ಸಂಪರ್ಕ ಕಡಿಯದೆ ಕಾಯುವುದು ಲೇಸು.

3. ಒಂದೇ ಕಂಪ್ಯೂಟರಿಗೆ ಸರ್ವರ್ ಸಿಗುತ್ತಿಲ್ಲವೋ, ಎಲ್ಲಕ್ಕೂ ಸಿಗುತ್ತಿಲ್ಲವೋ ಎಂದು ತಿಳಿಯಬೇಕು. ಪಾಸ್‌ವರ್ಡ್ ಬದಲಿಸಿದ ನಂತರ ಹಳೆಯ ಪಾಸ್‌ವರ್ಡಿನಿಂದ ಮತ್ತೆ ಮತ್ತೆ ಪ್ರಯತ್ನಿಸುವ ಕಂಪ್ಯೂಟರನ್ನು ಹಲವು ನ್ಯಾಸ್‌ಗಳು ತಾವಾಗಿಯೇ ತಡೆಹಿಡಿಯುತ್ತವೆ. ಹಾಗಾಗಿದ್ದರೆ ಇನ್ನೊಂದು ಕಂಪ್ಯೂಟರಿನಿಂದ ಒಳಹೋಗಿ ಆ ತಡೆಯನ್ನು ತೆಗೆಯಬಹುದು.

4. ವಿಳಾಸವನ್ನು ಪರೀಕ್ಷಿಸಬೇಕು. ಸರ್ವರಿನ ಸ್ಥಿರ ವಿಳಾಸ 192.168.1.10 ಆಗಿದ್ದು, ಹೊಸ ರೂಟರ್ 192.168.0 ಸರಣಿಯ ವಿಳಾಸಗಳನ್ನು ಹಂಚುತ್ತಿದ್ದರೆ ಎರಡಕ್ಕೂ ಸಂಪರ್ಕ ಏರ್ಪಡುವುದಿಲ್ಲ. ಆಗ ಒಂದು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ನ್ಯಾಸ್‌ಗೆ ಜೋಡಿಸಿ, ಅದಕ್ಕೆ ತಾತ್ಕಾಲಿಕವಾಗಿ 192.168.1.50 ಎಂಬ ವಿಳಾಸವನ್ನೂ 255.255.255.0 ಎಂಬ ಸಬ್‌ನೆಟ್ ಮಾಸ್ಕನ್ನೂ ನೀಡಿದರೆ ನಿರ್ವಹಣಾ ಪುಟ ತೆರೆಯುತ್ತದೆ. ಸರ್ವರಿನ ವಿಳಾಸವೇ ತಿಳಿಯದಿದ್ದಲ್ಲಿ ತಯಾರಕರ ಹುಡುಕು ತಂತ್ರಾಂಶಗಳು (ಸಿನಾಲಜಿಯ ‘ಅಸಿಸ್ಟೆಂಟ್’, ಕ್ಯೂನ್ಯಾಪ್‌ನ ‘ಕ್ಯೂಫೈಂಡರ್ ಪ್ರೊ’) ನೆರವಾಗುತ್ತವೆ.

5. ‘ಪಿಂಗ್’ ಆದೇಶಕ್ಕೆ ಉತ್ತರ ಬಂದರೂ ಫೈಲ್ ನಕಲಿಸುವಾಗ ಸ್ತಬ್ಧವಾದರೆ ಎಂಟಿಯು ಸಂಖ್ಯೆಯನ್ನು ನೋಡಬೇಕು. ವೇಗ ಹೆಚ್ಚಲೆಂದು 1500 ಇದ್ದುದನ್ನು 9000ಕ್ಕೆ ಏರಿಸಿದ್ದು, ನಡುವಿನ ಸ್ವಿಚ್ ಅದಕ್ಕೆ ಹೊಂದದಿದ್ದರೆ ಹೀಗಾಗುತ್ತದೆ. ಮರಳಿ 1500 ಮಾಡಿದರೆ ಸಾಕು.

6. ಹಳೆಯ ಯಂತ್ರಗಳಿಗೆ ಮಾತ್ರ ಸಂಪರ್ಕ ತಪ್ಪಿದ್ದರೆ ಕಾರಣ ಎಸ್‌ಎಂಬಿ ಆವೃತ್ತಿ ಇರಬಹುದು. ವಿಂಡೋಸ್ ಎಕ್ಸ್‌ಪಿಗೆ ತಿಳಿದಿರುವುದು ಮೊದಲ ಆವೃತ್ತಿಯಷ್ಟೆ. 2017ರ ವಾನ್ನಾಕ್ರೈ ದಾಳಿ ಹರಡಿದ್ದು ಅದೇ ಆವೃತ್ತಿಯ ದೋಷದ ಮೂಲಕ. ಆದ್ದರಿಂದ ಅದನ್ನು ಪುನಃ ತೆರೆಯುವ ಬದಲು ಹಳೆಯ ಯಂತ್ರವನ್ನು ಬದಲಾಯಿಸುವುದೇ ಸೂಕ್ತ.

ರೀಸೆಟ್ ಗುಂಡಿ

ಮೇಲಿನ ಯಾವುದೂ ಫಲಿಸದಿದ್ದಾಗ ಮಾತ್ರ ರೀಸೆಟ್ ಗುಂಡಿಯನ್ನು ಬಳಸಬೇಕು. ಸಾಮಾನ್ಯವಾಗಿ ಸಿನಾಲಜಿಯಲ್ಲಿ ಸುಮಾರು 4 ಸೆಕೆಂಡು ಒತ್ತಿ, ಒಂದು ‘ಬೀಪ್’ ಕೇಳಿದೊಡನೆ ಬಿಡಬೇಕು. ಕ್ಯೂನ್ಯಾಪ್‌ನಲ್ಲಿ 3 ಸೆಕೆಂಡು ಸಾಕು. ಇದರಿಂದ ನಿರ್ವಾಹಕರ ಪಾಸ್‌ವರ್ಡ್ ಹಾಗೂ ನೆಟ್‌ವರ್ಕ್ ಸೆಟ್ಟಿಂಗ್‌ಗಳು ಮೂಲ ಸ್ಥಿತಿಗೆ ಮರಳುತ್ತವೆ, ಫೈಲುಗಳು ಉಳಿಯುತ್ತವೆ. ಸಿನಾಲಜಿಯಲ್ಲಿ ಬೀಪ್ ಆದ ಕೂಡಲೇ ಎರಡನೆಯ ಬಾರಿ ಒತ್ತಿದರೆ ಕಾರ್ಯವ್ಯವಸ್ಥೆಯನ್ನೇ ಮರುಸ್ಥಾಪಿಸಬೇಕಾಗುತ್ತದೆ. ಕ್ಯೂನ್ಯಾಪ್‌ನಲ್ಲಿ 10 ಸೆಕೆಂಡು ಒತ್ತಿದರೆ ಎಲ್ಲ ಸೆಟ್ಟಿಂಗ್‌ಗಳೂ ಅಳಿಯುತ್ತವೆ. ಆದುದರಿಂದ ಆಯಾ ಮಾದರಿಯ ಕೈಪಿಡಿಯನ್ನು ಓದಿಯೇ ಮುಂದುವರಿಯಬೇಕು. ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್‌ಗಳಿದ್ದಲ್ಲಿ ಅವುಗಳ ಕೀ ಮೊದಲೇ ಕೈಯಲ್ಲಿರಬೇಕು.

ಲೆಕ್ಕಪತ್ರಗಳ ಹೊಣೆ

ಇದು ಕೇವಲ ತಾಂತ್ರಿಕ ವಿಷಯವಲ್ಲ. ಸಿಜಿಎಸ್‌ಟಿ ಕಾಯಿದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳು, ಪ್ರೈವೇಟ್ ಲಿಮಿಟೆಡ್‌ಗಳೂ ಸೇರಿದಂತೆ, ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಬ್ಯಾಕಪ್ ಇರಿಸಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮವನ್ನು ತಿದ್ದಲಾಯಿತು. ‘ಸರ್ವರ್ ಕೆಟ್ಟಿತ್ತು’ ಎಂಬ ಕಾರಣ ವಿಳಂಬ ಶುಲ್ಕವನ್ನಾಗಲಿ ಬಡ್ಡಿಯನ್ನಾಗಲಿ ತಪ್ಪಿಸುವುದಿಲ್ಲ.

ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶವನ್ನಿಡುವ ರೇಡ್-1 ವ್ಯವಸ್ಥೆಯನ್ನೇ ಬ್ಯಾಕಪ್ ಎಂದು ಭಾವಿಸುವವರಿದ್ದಾರೆ. ಅದು ಒಂದು ಡಿಸ್ಕ್ ಕೆಟ್ಟಾಗ ಮಾತ್ರ ರಕ್ಷಣೆ. ತಪ್ಪಿ ಅಳಿಸಿದ ಫೈಲ್ ಎರಡರಲ್ಲೂ ಒಮ್ಮೆಲೇ ಅಳಿಯುತ್ತದೆ. ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ, ಇನ್ನೊಂದು ಪ್ರತಿ ಇರಲೇಬೇಕು.

ಸೆಟ್ಟಿಂಗ್ ಬದಲಿಸುವ ಮುನ್ನ ಹಳೆಯ ಸೆಟ್ಟಿಂಗ್‌ಗಳನ್ನು ಫೈಲಿಗೆ ಉಳಿಸಿಕೊಳ್ಳುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವುದು, ಇಂತಹ ಕೆಲಸವನ್ನು ರಿಟರ್ನ್ ಸಲ್ಲಿಸಿದ ನಂತರದ ಬಿಡುವಿನ ದಿನಕ್ಕೆ ಇಟ್ಟುಕೊಳ್ಳುವುದು ವಿವೇಕದ ಕ್ರಮ. ವೋಚರಿಲ್ಲದೆ ನಗದು ಪಾವತಿಸದ ಸಂಸ್ಥೆಯು ಸರ್ವರಿನ ಬದಲಾವಣೆಗಳಿಗೂ ಒಂದು ಪುಸ್ತಕ ಇಟ್ಟರೆ ಮುಂದಿನ ತೊಂದರೆಯ ಪರಿಹಾರ ಅದರಲ್ಲಿಯೇ ದೊರೆಯುವುದು.